ಬುಟ್ಟಿಯಿಂದ ಬೆಳೆದ ಕಲೆ

1967ರಲ್ಲಿ ಜಪಾನ್ ಸರ್ಕಾರ ಶೋನೋ ಶೌನ್‌ಸಾಯ್ ಅವರಿಗೆ ಜನ 'ಜೀವಂತ ರಾಷ್ಟ್ರೀಯ ನಿಧಿ' ಎಂದು ಕರೆಯುವ ಗೌರವ ನೀಡಿತು. ಬಿದಿರಿನ ಕೆಲಸಕ್ಕೆ ಆ ಮನ್ನಣೆ ಸಿಕ್ಕಿದ್ದು ಅದೇ ಮೊದಲು. ಅಲ್ಲಿಂದೀಚೆಗೆ ಜಪಾನಿನ ಬಿದಿರು ಕಲೆಯ ಮಾತು ಬಂದಾಗಲೆಲ್ಲ ದೊಡ್ಡ ಹೆಸರುಗಳೇ ಮುಂದೆ ಬರುತ್ತವೆ. ಆದರೆ ಶೋನೋ ಅವರ ಊರಿನ ಕಸುಬನ್ನು ಬೆಳೆಸಿದ್ದು ಯಾರೂ ರುಜು ಹಾಕದ ಅಡುಗೆಮನೆಯ ಬುಟ್ಟಿ. ಅದನ್ನು ಬದಿಗಿಟ್ಟು ಈ ಪರಂಪರೆಗೆ ಬೆಲೆ ಕಟ್ಟಲಾಗದು.

ಶೋನೋ 1904ರಲ್ಲಿ ಹುಟ್ಟಿದ್ದು ಕ್ಯುಶು ದ್ವೀಪದ ಬೆಪ್ಪು ಪಟ್ಟಣದಲ್ಲಿ. ಅದು ಬಿಸಿನೀರಿನ ಬುಗ್ಗೆಗಳ ಊರು. ಸ್ನಾನದ ಚಿಕಿತ್ಸೆಗೆ ಬಂದವರು ದಿನಗಟ್ಟಲೆ ತಂಗಿ ತಾವೇ ಬೇಯಿಸಿಕೊಳ್ಳುತ್ತಿದ್ದರು. ಅಕ್ಕಿ ತೊಳೆಯಲು, ನೀರು ಬಸಿಯಲು ಅವರಿಗೆ ಬಿದಿರಿನ ಬುಟ್ಟಿ ಬೇಕಿತ್ತು. ಊರಿಗೆ ಹೊರಟಾಗ ಅದನ್ನೇ ಕಟ್ಟಿಕೊಂಡು ಹೋಗುತ್ತಿದ್ದರು. ಸುತ್ತಲಿನ ಓಇತಾ ಪ್ರಾಂತ್ಯದಲ್ಲಿ 'ಮದಾಕೆ' ಜಾತಿಯ ಬಿದಿರು ಹೇರಳ. 1902ರಲ್ಲಿ ಇಲ್ಲೊಂದು ಕಸುಬಿನ ಶಾಲೆ ತೆರೆದು, ಬುಟ್ಟಿ ಹೆಣಿಗೆಯನ್ನು ಪಾಠವಾಗಿಸಿದರು. ಮನೆತನದ ಗುಟ್ಟಾಗಿ ಉಳಿಯದೆ, ಕಲಿಯಬಂದವರಿಗೆ ದಕ್ಕುವ ವಿದ್ಯೆಯಾದದ್ದೇ ಈ ಪರಂಪರೆಯ ಮೊದಲ ಬಲ.

ಈ ವಿದ್ಯೆಯ ಬಹುಪಾಲು ಹೆಣಿಗೆಗಿಂತ ಮೊದಲೇ ಮುಗಿದಿರುತ್ತದೆ. ಬಿದಿರನ್ನು ಕಾಸ್ಟಿಕ್ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ ಎಣ್ಣೆಯಂಶ ತೆಗೆಯುತ್ತಾರೆ. ದಂತದ ಬಣ್ಣ ಬರುವವರೆಗೆ ಬಿಸಿಲಿಗೆ ಒಡ್ಡುತ್ತಾರೆ. ಸೀಳುವಾಗ ಒಂದು ಬದಿ ದಪ್ಪವಾಗುತ್ತ ಬಂದರೆ, ಆ ಬದಿಯನ್ನೇ ಹೆಚ್ಚು ಬಾಗಿಸಿ ಸೀಳನ್ನು ನಡುವಿಗೆ ಎಳೆದು ತರಬೇಕು. ಆಮೇಲೆ ಪ್ರತಿ ಎಳೆಯನ್ನೂ ಜೋಡಿ ಅಲಗುಗಳ ನಡುವೆ ಎಳೆದು ಒಂದೇ ಅಗಲಕ್ಕೆ ತರುತ್ತಾರೆ, ಅಂಚನ್ನು ಓರೆಯಾಗಿ ಹೆರೆಯುತ್ತಾರೆ. ಸೀಳುವುದನ್ನು ಕಲಿಯಲೇ ಮೂರು ವರ್ಷ ಬೇಕು ಎಂಬುದು ಅಲ್ಲಿನ ಕಸುಬಿನವರ ಮಾತು.

ಶೋನೋ ಅವರ 1956ರ 'ದೊತೋ' ಎಂಬ ಕೃತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹೆಸರಿಗೆ ತಕ್ಕಂತೆ ಅದು ಭೋರ್ಗರೆದು ಏಳುವ ಅಲೆ. ಉಪಯೋಗಕ್ಕಿಂತ ರೂಪಕ್ಕೇ ಒತ್ತು ಕೊಟ್ಟ ಶಿಲ್ಪ. ಆದರೆ ಅದರ ಓಟ ನಿಂತಿರುವುದು ಎಳೆಗಳ ಹದದ ಮೇಲೆ. ದಪ್ಪದಲ್ಲಿ ಎಳೆಗಳು ಒಂದಕ್ಕೊಂದು ಹೊಂದದಿದ್ದರೆ ಆ ಬಾಗು ನಿಲ್ಲುತ್ತಲೇ ಇರಲಿಲ್ಲ. ಬುಟ್ಟಿಯ ಶಿಸ್ತೇ ಇಲ್ಲಿ ಸ್ವಾತಂತ್ರ್ಯವಾಗಿದೆ.

ನನ್ನ ತಕರಾರು ಇರುವುದು ಆಮೇಲೆ ನಡೆದದ್ದರ ಬಗ್ಗೆ. ಪ್ಲಾಸ್ಟಿಕ್ ಬಂದು ಬುಟ್ಟಿಯ ಮಾರುಕಟ್ಟೆಯನ್ನು ನುಂಗಿತು. ಸುಮಾರು 120 ವರ್ಷಕ್ಕೊಮ್ಮೆ ಹೂ ಬಿಡುವ ಮದಾಕೆ 1960ರ ದಶಕದಲ್ಲಿ ದೇಶದುದ್ದಕ್ಕೂ ಹೂ ಬಿಟ್ಟು ಒಣಗಿತು. ಕಲೆ ಪ್ರದರ್ಶನಗಳಲ್ಲಿ ಆಶ್ರಯ ಪಡೆಯಿತು. 2017ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಜಪಾನಿನ ಬಿದಿರು ಕೃತಿಗಳದ್ದೇ ದೊಡ್ಡ ಪ್ರದರ್ಶನ ನಡೆಸಿತು. ಈ ಗೌರವ ನ್ಯಾಯವಾದದ್ದೇ. ಆದರೆ ಬುಟ್ಟಿಯನ್ನು ಶಿಲ್ಪಕ್ಕೆ ಏರುವ ಮೆಟ್ಟಿಲಾಗಿ ಮಾತ್ರ ನೋಡುವ ಅಭ್ಯಾಸವೂ ಜೊತೆಗೇ ಬೆಳೆಯಿತು. 1979ರಲ್ಲಿ ಬೆಪ್ಪುವಿನ ಬಿದಿರು ಸಾಮಾನಿಗೆ 'ಸಾಂಪ್ರದಾಯಿಕ ಕರಕುಶಲ ವಸ್ತು' ಎಂಬ ಸರ್ಕಾರಿ ಮಾನ್ಯತೆ ದೊರೆಯಿತು. ದಿನಬಳಕೆಯ ವಸ್ತುವಾಗಿರಬೇಕು ಎಂಬುದು ಅದರ ಷರತ್ತು. ಅಂದರೆ ಕಾನೂನು ಬುಟ್ಟಿಯನ್ನು ಮರೆತಿಲ್ಲ, ಮರೆತವರು ಕಲೆಯ ಬಗ್ಗೆ ಬರೆಯುವ ನಾವು.

ಹಾಗಾಗಿ ನನ್ನ ಭರವಸೆ ಬೆಪ್ಪುವಿನಲ್ಲಿ ಪ್ರಾಂತ್ಯದ ಆಡಳಿತ ನಡೆಸುತ್ತಿರುವ ಬಿದಿರು ತರಬೇತಿ ಕೇಂದ್ರದ ಮೇಲೆ. ಇಂಥ ಸರ್ಕಾರಿ ಶಾಲೆ ಜಪಾನಿನಲ್ಲಿ ಇದೊಂದೇ. ಮುಂದೆ ಶಿಲ್ಪ ಮಾಡುವವರಿರಲಿ, ಬುಟ್ಟಿ ಮಾರಿ ಬದುಕುವವರಿರಲಿ, ಅಲ್ಲಿ ಎಲ್ಲರಿಗೂ ಪಾಠ ಸೀಳುವುದರಿಂದಲೇ ಶುರು. ಒಬ್ಬ ಶೋನೋ ಹುಟ್ಟುವುದು ಯಾರ ಕೈಯಲ್ಲೂ ಇಲ್ಲ. ಒಳ್ಳೆಯ ಬುಟ್ಟಿ ಹೆಣೆಯುವವರು ಅದರಿಂದಲೇ ಅನ್ನ ಉಣ್ಣುವಂತೆ ಮಾಡುವುದು ಮಾತ್ರ ಸಮಾಜದ ಕೈಯಲ್ಲಿದೆ. ಪರಂಪರೆ ಉಳಿದಿದೆಯೋ ಇಲ್ಲವೋ ಎಂಬುದನ್ನು ಅದರಿಂದಲೇ ಅಳೆಯಬೇಕು.