ಬಾಂಧವ್ಯವೂ ಒಡೆತನವೂ: ‘ಜರ್ನಿ ಟು ಹಾರ್ಸ್‌ಶೂ ಬೆಂಡ್’ ಗ್ರಂಥವನ್ನು ಕುರಿತು

ಜನ್ಮದಿಂದ ಬರುವ ಬಾಂಧವ್ಯಕ್ಕಾಗಿ ನಾವು ಯಾವ ಪ್ರಯತ್ನವನ್ನೂ ಮಾಡಿರುವುದಿಲ್ಲ. ತನ್ನದಲ್ಲದ ಕುಲದಲ್ಲಿ, ತನ್ನ ಮತದವರಲ್ಲದ ಜನರ ನಡುವೆ ಒಬ್ಬನಿಗೆ ಬಂಧುಗಳು ದೊರೆತರೆ ಅದು ಆ ಜನರ ಔದಾರ್ಯವೇ ಹೊರತು ಅವನ ಸಂಪಾದನೆಯಲ್ಲ. ಹಾಗೆ ದೊರೆತ ಬಾಂಧವ್ಯದ ಜೊತೆಗೆ ಅವನ ಪಾಲಿಗೆ ಬರುವುದು ಹಕ್ಕೋ, ಹೊಣೆಯೋ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದತಕ್ಕ ಗ್ರಂಥವೊಂದು ಇದೆ. ಆಸ್ಟ್ರೇಲಿಯಾದ ಟಿ. ಜಿ. ಎಚ್. ಸ್ಟ್ರೆಲೋ ಅವರು ಇಂಗ್ಲಿಷಿನಲ್ಲಿ ಬರೆದ ‘ಜರ್ನಿ ಟು ಹಾರ್ಸ್‌ಶೂ ಬೆಂಡ್’ 1969ರಲ್ಲಿ ಸಿಡ್ನಿಯಲ್ಲಿ ಪ್ರಕಟವಾಯಿತು, 2015ರಲ್ಲಿ ಮರುಮುದ್ರಣಗೊಂಡಿತು. ಗ್ರಂಥಕರ್ತರು ಇದನ್ನು ಪ್ರಕಟಿಸಿದಾಗ ಅರವತ್ತು ದಾಟಿದ್ದರು. ಅದೇ ವಯಸ್ಸಿನಲ್ಲಿರುವ ನನಗೆ ಈ ಕೃತಿ ಮೆಚ್ಚುಗೆಯನ್ನೂ ಕಳವಳವನ್ನೂ ಏಕಕಾಲಕ್ಕೆ ಉಂಟುಮಾಡಿತು. ಎರಡನ್ನೂ ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಮೊದಲು ಹಿನ್ನೆಲೆಯನ್ನು ತಿಳಿಯಬೇಕು. ಆಸ್ಟ್ರೇಲಿಯಾ ಖಂಡದ ನಟ್ಟನಡುವೆ, ಫಿಂಕ್ ನದಿಯ ದಂಡೆಯಲ್ಲಿ, 1877ರಲ್ಲಿ ಜರ್ಮನಿಯ ಲೂಥರನ್ ಪಾದ್ರಿಗಳು ಹರ್ಮನ್ಸ್‌ಬರ್ಗ್ ಎಂಬ ಮಿಶನ್ ಠಾಣ್ಯವನ್ನು ಸ್ಥಾಪಿಸಿದರು. ಆ ಸ್ಥಳಕ್ಕೆ ಮೂಲನಿವಾಸಿಗಳಾದ ಅರಂಡ ಜನರ ಹೆಸರು ನ್ಟಾರಿಯಾ. ಗ್ರಂಥಕರ್ತರ ತಂದೆ ಕಾರ್ಲ್ ಸ್ಟ್ರೆಲೋ 1894ರಲ್ಲಿ ಅಲ್ಲಿಗೆ ಬಂದು, ಸುಮಾರು ಇಪ್ಪತ್ತೆಂಟು ವರ್ಷಗಳ ಕಾಲ ಆ ಠಾಣ್ಯದ ಭಾರವನ್ನು ಹೊತ್ತರು. ಅವರು ಬರಿಯ ಮತಪ್ರಚಾರಕರಲ್ಲ. ಅರಂಡ ಭಾಷೆಯನ್ನು ಚೆನ್ನಾಗಿ ಕಲಿತು, ಆ ಜನರ ಪುರಾಣಗಳನ್ನೂ ಹಾಡುಗಳನ್ನೂ ಸಂಗ್ರಹಿಸಿ, 1907ರಿಂದ 1920ರವರೆಗೆ ಜರ್ಮನ್ ಭಾಷೆಯಲ್ಲಿ ಸಂಪುಟಗಳಾಗಿ ಪ್ರಕಟಿಸಿದ ವಿದ್ವಾಂಸರು. ಆದರೆ ಆ ಪುರಾಣಗಳಿಗೆ ಜೀವ ಕೊಡುವ ಆಚರಣೆಗಳನ್ನು ನೋಡಲು ಅವರು ಒಮ್ಮೆಯೂ ಹೋಗಲಿಲ್ಲ. ಅನ್ಯದೇವತಾರಾಧನೆಯೆಂದು ಅವುಗಳಿಂದ ದೂರ ಉಳಿದರು. ದೀಕ್ಷಾಸ್ನಾನ ಪಡೆದವರಿಗೆ ಅವುಗಳಲ್ಲಿ ಭಾಗವಹಿಸಲು ಅವಕಾಶ ಕೊಡಲಿಲ್ಲ.

ಅವರ ಆರು ಮಂದಿ ಮಕ್ಕಳಲ್ಲಿ ಕಿರಿಯವನೇ ಥಿಯೋ, ಅಂದರೆ ನಮ್ಮ ಗ್ರಂಥಕರ್ತರು. 1908ರಲ್ಲಿ ಹರ್ಮನ್ಸ್‌ಬರ್ಗ್‌ನಲ್ಲೇ ಜನನ. 1910ರಲ್ಲಿ ಸಂಸಾರವು ಜರ್ಮನಿಗೆ ಹೋಯಿತು. ಹಿಂದಿರುಗುವಾಗ ದೊಡ್ಡ ಮಕ್ಕಳೈವರನ್ನೂ ವಿದ್ಯಾಭ್ಯಾಸಕ್ಕೆಂದು ಅಲ್ಲಿಯೇ ಬಿಟ್ಟು, ಥಿಯೋ ಒಬ್ಬನನ್ನೇ ಕರೆತಂದರು. ಒಡಹುಟ್ಟಿದವರಿದ್ದೂ ಇಲ್ಲದಂತಾದ ಈ ಬಾಲಕನಿಗೆ ಅರಂಡ ಮಕ್ಕಳೇ ಒಡನಾಡಿಗಳಾದರು. ಮನೆಯಲ್ಲಿ ಜರ್ಮನ್, ಆಟದಲ್ಲಿ ಅರಂಡ, ಓದಿನಲ್ಲಿ ಇಂಗ್ಲಿಷ್, ತಂದೆಯ ಪಾಠದಲ್ಲಿ ಲ್ಯಾಟಿನ್ ಮತ್ತು ಗ್ರೀಕ್: ಹೀಗೆ ಅವನ ಬಾಲ್ಯ ಸಾಗಿತು.

1922ರ ಅಕ್ಟೋಬರ್‌ನಲ್ಲಿ ಕಾರ್ಲ್ ಅವರಿಗೆ ಕಾಯಿಲೆ ವಿಷಮಿಸಿತು. ಮೈಯೆಲ್ಲ ನೀರು ತುಂಬಿ ಊದಿಕೊಂಡು, ಮಲಗಲೂ ಆಗದ ಸ್ಥಿತಿ. ರೈಲು ಸಿಗುವುದು ನೂರಾರು ಮೈಲಿ ದಕ್ಷಿಣದ ಊಡ್ನಡಾಟಾದಲ್ಲಿ. ಕುದುರೆಗಾಡಿಯ ಮೇಲೆ ಕುರ್ಚಿಯನ್ನು ಬಿಗಿದು, ಅದರಲ್ಲಿ ರೋಗಿಯನ್ನು ಕೂರಿಸಿ, ಫಿಂಕ್ ನದಿಯ ಒಣಮರಳಿನ ಪಾತ್ರವನ್ನು ಅನುಸರಿಸಿ ಹೊರಟರು. ಹದಿನಾಲ್ಕು ವರ್ಷದ ಥಿಯೋ ಇನ್ನೊಂದು ಗಾಡಿಯಲ್ಲಿ, ಅರಂಡ ಜನರ ಸಂಗಡ, ಹಿಂದಿನಿಂದ ಬಂದ. ರೈಲಿನವರೆಗೆ ಅವರು ತಲುಪಲೇ ಇಲ್ಲ. ಅಕ್ಟೋಬರ್ 20ರಂದು ಹಾರ್ಸ್‌ಶೂ ಬೆಂಡ್ ಎಂಬ ದಾರಿಬದಿಯ ನೆಲೆಯಲ್ಲಿ ಕಾರ್ಲ್ ಅವರು ತೀರಿಕೊಂಡರು. ಗ್ರಂಥದ ವಸ್ತು ಇಷ್ಟೇ: ಕೆಲವು ದಿನಗಳ ಪ್ರಯಾಣ, ಒಂದು ಮರಣ, ಒಬ್ಬ ಹುಡುಗ.

ಈ ಅಲ್ಪವಸ್ತುವಿನಿಂದ ಗ್ರಂಥಕರ್ತರು ಕಟ್ಟಿದ್ದು ಅಲ್ಪವಲ್ಲ. ಪ್ರಯಾಣವು ಎರಡು ಗಾಡಿಗಳಲ್ಲಿ ಸಾಗುವಂತೆ ಕಥನವೂ ಎರಡು ಎಳೆಗಳಲ್ಲಿ ಸಾಗುತ್ತದೆ. ಮುಂದಿನ ಗಾಡಿಯಲ್ಲಿರುವುದು ತಂದೆಯ ಸಂಕಟ. ಜೀವಮಾನವೆಲ್ಲ ದೇವರ ಸೇವೆ ಮಾಡಿದ ತನ್ನನ್ನು ದೇವರು ಏಕೆ ಕೈಬಿಟ್ಟನೆಂದು ಆ ದೃಢಭಕ್ತರು ಒಳಗೊಳಗೇ ಕುದಿಯುತ್ತಾರೆ. ಸಕಾಲದಲ್ಲಿ ನೆರವಾಗದ ಧರ್ಮಸಭೆಯ ಅಧಿಕಾರಿಗಳ ಬಗ್ಗೆ ಮಗನ ಲೇಖನಿ ಕಹಿಯಾಗಿದೆ. ಆದರೆ ಹೆನ್ಬರಿ, ಐಡ್ರಕೌರ ಮೊದಲಾದ ದನಸಾಕಣೆಯ ನೆಲೆಗಳ ಒರಟು ಬಿಳಿಯರು, ಮಿಶನ್ನಿನ ಮಡಿವಂತಿಕೆಯು ದೂರವಿಟ್ಟಿದ್ದ ಕುಡುಕರು, ಹೇಳಿಕಳಿಸದೆಯೇ ಕುದುರೆಗಳನ್ನೂ ಕೈಗಳನ್ನೂ ಕೊಡುತ್ತಾರೆ. ಧರ್ಮದ ಹೆಸರಿದ್ದಲ್ಲಿ ದಯೆ ತಡವಾಗಿ, ಹೆಸರಿಲ್ಲದಲ್ಲಿ ದಯೆ ಮುಂದಾಗಿ ಬಂತು. ಈ ಭಾಗವನ್ನು ಯಾವ ಮತದ ಸಂಸ್ಥೆಯನ್ನು ನಡೆಸುವವರೂ ಓದತಕ್ಕದ್ದು.

ಹಿಂದಿನ ಗಾಡಿಯಲ್ಲಿ ಇರುವುದು ಬೇರೆಯೇ ಲೋಕ. ಗಾಡಿ ಹೊಡೆಯುವ ನ್ಜಿಟಿಯಾಕ ಎಂಬ ಅರಂಡ ಪುರುಷನು ದಾರಿಯುದ್ದಕ್ಕೂ ಪ್ರತಿಯೊಂದು ಗುಡ್ಡ, ಮಡು, ಮರಳುದಿಣ್ಣೆಯ ಕಥೆಯನ್ನು ಹುಡುಗನಿಗೆ ಹೇಳುತ್ತಾನೆ. ಫಿಂಕ್ ನದಿ ಅವನಿಗೆ ಫಿಂಕ್ ಅಲ್ಲ, ಲಾರಪಿಂಟ. ಬಿಳಿಯರ ನಕಾಶೆಯಲ್ಲಿ ಬರಿಯ ಬಯಲಾಗಿರುವ ನೆಲ ಅವನ ಬಾಯಲ್ಲಿ ಪೂರ್ವಜರು ನಡೆದ ಕ್ಷೇತ್ರವಾಗುತ್ತದೆ. ಆ ಜನರ ನಂಬಿಕೆಯಂತೆ ಮನುಷ್ಯನ ಮೂಲವು ತಂದೆತಾಯಿಗಳಲ್ಲಿ ಮಾತ್ರವಲ್ಲ, ಅವನು ಗರ್ಭಸ್ಥನಾದ ಸ್ಥಳದಲ್ಲಿಯೂ ಇದೆ. ಆದುದರಿಂದ ನ್ಟಾರಿಯಾದ ಥಿಯೋ ಬಿಳಿಯ ಪಾದ್ರಿಯ ಮಗನಾದರೂ ಆ ಮಣ್ಣಿನ ಮಗ, ತಮ್ಮವನು. ಮಿಶನ್ನಿನವರು ಜನರನ್ನು ತಮ್ಮ ಧರ್ಮಕ್ಕೆ ಸೇರಿಸಿಕೊಳ್ಳಲು ಬಂದಿದ್ದರು. ಇಲ್ಲಿ ಆ ಜನರೇ ಪಾದ್ರಿಯ ಮಗನನ್ನು, ಯಾವ ಷರತ್ತನ್ನೂ ಹಾಕದೆ, ತಮ್ಮ ನೆಲಕ್ಕೆ ಸೇರಿಸಿಕೊಂಡರು. ತಂದೆಯನ್ನು ಕಳೆದುಕೊಂಡ ಬಾಲಕನಿಗೆ ಈ ಮಾತು ಆಸರೆಯಾಗುತ್ತದೆ. ಗ್ರಂಥದ ಹೃದಯ ಇಲ್ಲಿದೆ.

ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನೂ ಹೇಳುವುದು ವಿಮರ್ಶಕನ ಕರ್ತವ್ಯ. ಗ್ರಂಥಕರ್ತರು ತಮ್ಮನ್ನು ‘ನಾನು’ ಎನ್ನದೆ ‘ಥಿಯೋ’ ಎಂದು ಪ್ರಥಮಪುರುಷದಲ್ಲಿ ಕಾಣಿಸುತ್ತಾರೆ. ಇದು ವಿನಯದಂತೆ ತೋರುತ್ತದೆ, ಪರಿಣಾಮದಲ್ಲಿ ಬೇರೆ. ಹದಿನಾಲ್ಕರ ಹುಡುಗನು ಅಷ್ಟೊಂದು ಪುರಾಣಗಳನ್ನು ಅಷ್ಟು ವಿವರವಾಗಿ ಕೇಳಿ ನೆನಪಿಟ್ಟಿರಲಾರ. ಅವು ಮುಂದಿನ ಹಲವು ದಶಕಗಳ ಅಧ್ಯಯನದ ಫಲವೆಂಬುದು ಸ್ಪಷ್ಟ. ಪಂಡಿತನ ಜ್ಞಾನವು ಬಾಲಕನ ಕಿವಿಯಲ್ಲಿ ಸೇರಿಕೊಂಡಿದೆ. ಅದರಿಂದ ಆ ಜ್ಞಾನವೆಲ್ಲ ಅವನಿಗೆ ಹುಟ್ಟಿನಿಂದಲೇ ಸಂದ ಪಿತ್ರಾರ್ಜಿತದಂತೆ ಕಾಣತೊಡಗುತ್ತದೆ. ಎರಡನೆಯದಾಗಿ, ಅರಂಡ ಜನರು ಇಲ್ಲಿ ಕಥೆ ಹೇಳುತ್ತಾರೆ, ಹಾಡುತ್ತಾರೆ, ಅಳುತ್ತಾರೆ. ಆದರೆ ಥಿಯೋನನ್ನು ಪ್ರಶ್ನಿಸುವುದು ಅಪರೂಪ. ನಿಜವಾದ ಕುಟುಂಬದಲ್ಲಿ ಗದರಿಕೆಯೂ ಇರುತ್ತದೆ. ಮೂರನೆಯದಾಗಿ, ಪುಟಪುಟದಲ್ಲೂ ಮುಗಿದುಹೋದ ಲೋಕವೊಂದರ ಶೋಕಧ್ವನಿ ಇದೆ. ಜನರು ಮುಗಿದುಹೋದರೆಂದ ಮೇಲೆ ಅವರ ಆಸ್ತಿಗೆ ವಾರಸುದಾರ ಯಾರು? ಉಳಿದಿರುವ ಥಿಯೋನೇ!

ಈ ಮೂರನೆಯ ದೋಷವು ಸಾಹಿತ್ಯದಲ್ಲಿ ಮಾತ್ರ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಗ್ರಂಥಕರ್ತರ ಜೀವನವನ್ನು ನೋಡೋಣ. ಅಡಿಲೇಡ್‌ನಲ್ಲಿ ಶಿಕ್ಷಣ ಪಡೆದು 1932ರಲ್ಲಿ ಅವರು ಹುಟ್ಟಿದ ನಾಡಿಗೆ ಮರಳಿದರು. ಒಂಟೆಗಳ ಮೇಲೆ, ಟಾಮ್ ಲ್ಯೋಂಗ ಎಂಬ ಅರಂಡ ಮಾರ್ಗದರ್ಶಿಯೊಡನೆ ಮರುಭೂಮಿಯನ್ನು ಸುತ್ತಿದರು. ತಂದೆ ನೋಡಲೊಲ್ಲದ ಆಚರಣೆಗಳಿಗೆ ವೃದ್ಧರು ಮಗನನ್ನು ಕರೆದೊಯ್ದರು. ಹೆಂಗಸರೂ ದೀಕ್ಷೆಯಾಗದವರೂ ನೋಡಬಾರದ ‘ಚುರುಂಗ’ ಎಂಬ ಪವಿತ್ರ ವಸ್ತುಗಳನ್ನು ಅವರ ಕೈಗೆ ಕೊಟ್ಟರು. ನೂರಾರು ಆಚರಣೆಗಳು, ಸಾವಿರಾರು ಪದ್ಯಗಳು, ಅನೇಕ ವಂಶಾವಳಿಗಳು ಅವರಲ್ಲಿ ಸಂಗ್ರಹವಾದವು. 1947ರ ‘ಅರಂಡ ಟ್ರೆಡಿಶನ್ಸ್’, 1971ರ ‘ಸಾಂಗ್ಸ್ ಆಫ್ ಸೆಂಟ್ರಲ್ ಆಸ್ಟ್ರೇಲಿಯಾ’ ಎಂಬ ಗ್ರಂಥಗಳು ಆ ಪರಿಶ್ರಮದ ಫಲ. 1959ರಲ್ಲಿ ಮ್ಯಾಕ್ಸ್ ಸ್ಟುವರ್ಟ್ ಎಂಬ ಅರಂಡ ಯುವಕನಿಗೆ ಕೊಲೆಯ ಆರೋಪದಲ್ಲಿ ಮರಣದಂಡನೆಯಾದಾಗ ಸ್ಟ್ರೆಲೋ ಸೆರೆಮನೆಗೆ ಹೋಗಿ ಅವನ ಭಾಷೆಯಲ್ಲೇ ಮಾತಾಡಿದರು. ಪೊಲೀಸರು ತೋರಿಸಿದ ತಪ್ಪೊಪ್ಪಿಗೆಯ ಇಂಗ್ಲಿಷು ಅವನದಾಗಿರಲು ಸಾಧ್ಯವಿಲ್ಲವೆಂದು ಪ್ರಮಾಣೀಕರಿಸಿದರು. ದಂಡನೆಯು ಆ ವರ್ಷವೇ ಜೀವಾವಧಿ ಸೆರೆವಾಸಕ್ಕೆ ಇಳಿಯಿತು. ಬಂಧುವಾದವನು ಮಾಡತಕ್ಕದ್ದನ್ನು ಅಂದು ಅವರು ಮಾಡಿದರು.

ಅದೇ ಕೈ 1978ರಲ್ಲಿ ಇನ್ನೊಂದನ್ನು ಮಾಡಿತು. ವೃದ್ಧರು ನಂಬಿ ತೆಗೆಯಗೊಟ್ಟಿದ್ದ ರಹಸ್ಯ ಆಚರಣೆಗಳ ಛಾಯಾಚಿತ್ರಗಳನ್ನು ಸ್ಟ್ರೆಲೋ ಅವರು ಜರ್ಮನಿಯ ‘ಸ್ಟರ್ನ್’ ಪತ್ರಿಕೆಗೆ ಮಾರಿದರು. ಅವು ಅಲ್ಲಿಂದ ಆಸ್ಟ್ರೇಲಿಯಾದ ‘ಪೀಪಲ್’ ಪತ್ರಿಕೆಗೂ ಬಂದು, ನೋಡಬಾರದವರೆಲ್ಲರ ಕಣ್ಣಿಗೆ ಬಿದ್ದವು. ಮಧ್ಯ ಆಸ್ಟ್ರೇಲಿಯಾದ ಜನರಿಗೆ ಇದರಿಂದ ಆದ ನೋವು ಬಹಳ. ಅದೇ ವರ್ಷದ ಅಕ್ಟೋಬರ್ 3ರಂದು, ತಮ್ಮ ಹೆಸರಿನ ಸಂಶೋಧನಾ ಪ್ರತಿಷ್ಠಾನದ ಉದ್ಘಾಟನೆಯ ದಿನವೇ, ಸ್ಟ್ರೆಲೋ ತೀರಿಕೊಂಡರು.

ಅವರ ಪಕ್ಷವನ್ನೂ ಕೇಳದೆ ತೀರ್ಪು ಕೊಡಬಾರದು. ಚುರುಂಗಗಳನ್ನು ಅವರು ಕದಿಯಲಿಲ್ಲ, ವೃದ್ಧರೇ ಕೊಟ್ಟರು. ತರುಣರಿಗೆ ಹಳೆಯ ವಿದ್ಯೆಯಲ್ಲಿ ಶ್ರದ್ಧೆ ಉಳಿದಿಲ್ಲ, ಅವರ ಕೈಗೆ ಹೋದರೆ ಹಾಳಾದೀತು ಎಂಬ ಭಯ ಕೊಟ್ಟವರಲ್ಲಿಯೂ ಇತ್ತು. ಆ ಭಯಕ್ಕೆ ಕಾರಣರಾದವರಲ್ಲಿ ಆಚರಣೆಗಳನ್ನು ತಡೆದ ಮಿಶನ್ನೂ, ಚುರುಂಗಗಳನ್ನು ಜರ್ಮನಿಗೆ ಕಳುಹಿಸಿದ್ದ ಸ್ವತಃ ಕಾರ್ಲ್ ಅವರೂ ಸೇರಿದ್ದರು ಎಂಬುದು ಬೇರೆ ಮಾತು. ಮಗನು ಬರೆದಿಡದಿದ್ದರೆ ಬಹಳಷ್ಟು ನಷ್ಟವಾಗುತ್ತಿತ್ತು ಎಂಬುದೂ ನಿಜ. ಅವರು ಬರೆದ ವಂಶಾವಳಿಗಳು ಮುಂದೆ ಆ ಜನರು ತಮ್ಮ ಭೂಮಿಯ ಹಕ್ಕನ್ನು ಸ್ಥಾಪಿಸುವಾಗ ಸಾಕ್ಷ್ಯವಾಗಿ ಒದಗಿದವು. ಇಷ್ಟನ್ನೂ ಒಪ್ಪಿಕೊಂಡ ಮೇಲೂ ಮೂಲಪ್ರಶ್ನೆ ಉಳಿಯುತ್ತದೆ. ಕೊಟ್ಟದ್ದು ದಾನವಾಗಿಯೋ, ಇಟ್ಟುಕೊಂಡಿರೆಂದೋ?

ವ್ಯಾಪಾರಸ್ಥನಾದ ನನಗೆ ಇದು ಲೆಕ್ಕದ ಭಾಷೆಯಲ್ಲಿ ಸುಲಭವಾಗಿ ತಿಳಿಯುತ್ತದೆ. ಖಾತೆಯಲ್ಲಿ ಅನಾಮತ್ತು ಎಂಬ ಬಾಬು ಇರುತ್ತದೆ. ಹಣ ನಮ್ಮ ಪೆಟ್ಟಿಗೆಯಲ್ಲಿದ್ದರೂ ನಮ್ಮದಲ್ಲ. ಇಟ್ಟವನು ಸತ್ತರೆ ಅದು ಅವನ ಮಕ್ಕಳದು. ಮಕ್ಕಳು ದುರ್ಬಲರೆಂಬ ಕಾರಣದಿಂದ ನಮ್ಮ ಲಾಭದ ಖಾತೆಗೆ ತಿರುಗಿಸಲಾಗದು. ನಮ್ಮ ಆಚಾರ್ಯರು ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವನ್ನೂ ರಹೋಭ್ಯಾಖ್ಯಾನವನ್ನೂ ಸೇರಿಸಿರುವುದು ಎಷ್ಟು ಸೂಕ್ಷ್ಮವಾದ ವಿಚಾರ! ಒಬ್ಬರು ನಂಬಿ ಇಟ್ಟ ವಸ್ತುವನ್ನು ತನ್ನದಾಗಿಸಿಕೊಳ್ಳುವುದು, ಏಕಾಂತದ ವಿಷಯವನ್ನು ಬಯಲಿಗೆಳೆಯುವುದು, ಇವೆರಡನ್ನೂ ಅವರು ಸತ್ಯಕ್ಕೆ ಬಂದ ಕುಂದೆಂದು ಎಣಿಸಿದರು. ಏಕೆಂದರೆ ಎರಡರಲ್ಲಿಯೂ ಮುರಿಯುವುದು ಕೊಟ್ಟ ಮಾತು, ಬಾಯಿಬಿಟ್ಟು ಹೇಳದಿದ್ದರೂ ಕೊಟ್ಟ ಮಾತು. ಸ್ಟ್ರೆಲೋ ಅವರು ನಮ್ಮ ವ್ರತಗಳಿಗೆ ಬದ್ಧರಲ್ಲ. ಆ ಅಳತೆಗೋಲಿನಿಂದ ಅವರನ್ನು ದಂಡಿಸುವುದು ನನ್ನ ಉದ್ದೇಶವಲ್ಲ. ಅವರ ದೃಷ್ಟಾಂತದಿಂದ ನಮ್ಮನ್ನು ನಾವು ಅಳೆದುಕೊಳ್ಳಬಹುದು. ಭಂಡಾರದ ಬೀಗದ ಕೈ ಬಹುಕಾಲ ಸೊಂಟದಲ್ಲಿದ್ದರೆ, ಭಂಡಾರವೇ ತನ್ನದೆಂಬ ಭ್ರಮೆ ಪ್ರಾಮಾಣಿಕನಿಗೂ ಬರುತ್ತದೆ. ಯಾವುದೇ ವಿಶ್ವಸ್ತಮಂಡಳಿಯಲ್ಲಿ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಗ್ರಂಥದಲ್ಲಿ ಬರುವ ಬಾಂಧವ್ಯ ಸುಳ್ಳೇ? ಅಲ್ಲ. ನ್ಜಿಟಿಯಾಕನು ಹುಡುಗನಿಗೆ ಕೊಟ್ಟದ್ದು ನಿಜವಾದ ಬಾಂಧವ್ಯ. ಹುಡುಗನ ಕೃತಜ್ಞತೆಯೂ ನಿಜವಾದದ್ದು. ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. ‘ನಾನು ಇವರವನು’ ಎಂಬ ಮಾತು ಕಾಲಕ್ರಮದಲ್ಲಿ ‘ಇದು ನನ್ನದು’ ಎಂದು ತಿರುಗಿತು. ಮೊದಲನೆಯ ಮಾತಿನಲ್ಲಿ ಶರಣಾಗತಿಯಿದೆ, ಎರಡನೆಯದರಲ್ಲಿ ಪರಿಗ್ರಹವಿದೆ. 2002ರಲ್ಲಿ ಬ್ಯಾರಿ ಹಿಲ್ ಎಂಬ ಲೇಖಕರು ಸ್ಟ್ರೆಲೋ ಅವರ ಬೃಹತ್ ಜೀವನಚರಿತ್ರೆಯನ್ನು ಪ್ರಕಟಿಸಿದಾಗ ಅದರ ಉಪಶೀರ್ಷಿಕೆಯಲ್ಲಿ ‘ಪೊಸೆಶನ್’ ಎಂಬ ಪದವನ್ನಿಟ್ಟದ್ದು ಅರ್ಥಪೂರ್ಣವಾಗಿದೆ. ಇಂಗ್ಲಿಷಿನ ಆ ಪದಕ್ಕೆ ಒಡೆತನವೆಂದೂ ಆವೇಶವೆಂದೂ ಎರಡರ್ಥ. ಯಾವುದನ್ನು ತಾನು ಒಡೆತನದಲ್ಲಿ ಹಿಡಿದಿದ್ದೇನೆಂದು ಮನುಷ್ಯ ಭಾವಿಸುತ್ತಾನೋ ಅದೇ ಅವನನ್ನು ಹಿಡಿದಿರುತ್ತದೆ.

ಮುಗಿದುಹೋದರೆಂದು ಗ್ರಂಥವು ಶೋಕಿಸಿದ ಜನರು ಮುಗಿಯಲಿಲ್ಲವೆಂಬುದೇ ಈ ಕೃತಿಗೆ ಕಾಲವು ಕೊಟ್ಟ ಉತ್ತರ. ಹರ್ಮನ್ಸ್‌ಬರ್ಗ್‌ನ ಭೂಮಿಯು 1982ರಲ್ಲಿ ಅರಂಡ ಜನರ ಒಡೆತನಕ್ಕೆ ಮರಳಿತು. ಸ್ಟ್ರೆಲೋ ಅವರ ಸಂಗ್ರಹಕ್ಕಾಗಿ 1991ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಸಂಶೋಧನಾ ಕೇಂದ್ರವು ತೆರೆಯಿತು; ಅಲ್ಲಿಂದ ಪವಿತ್ರ ವಸ್ತುಗಳನ್ನು ಅವುಗಳ ನಿಜವಾದ ವಾರಸುದಾರರಿಗೆ ಹಿಂದಿರುಗಿಸುವ ಕಾರ್ಯ ನಡೆದಿದೆ. 2003ರಲ್ಲಿ ಇದೇ ಗ್ರಂಥವನ್ನು ಆಧರಿಸಿದ ಗೀತಪ್ರಬಂಧವೊಂದು ಸಿಡ್ನಿಯ ಆಪೆರಾ ಹೌಸ್‌ನಲ್ಲಿ ಪ್ರದರ್ಶಿತವಾದಾಗ ನ್ಟಾರಿಯಾದ ಮಹಿಳೆಯರ ಗಾಯನವೃಂದವೇ ಬಂದು ವಾದ್ಯಮೇಳದೊಡನೆ ಅರಂಡ ಭಾಷೆಯಲ್ಲಿ ಹಾಡಿತು. 1922ರಲ್ಲಿ ಕಾಯಿಲೆಯ ಪಾದ್ರಿಯನ್ನು ಅರಂಡ ಸ್ತೋತ್ರ ಹಾಡಿ ಬೀಳ್ಕೊಟ್ಟವರ ಸಂತಾನದ ಧ್ವನಿ ಅದು. ಅವರ ಕಥೆಯನ್ನು ಹೇಳಲು ಅವರೇ ಇದ್ದರು.

ಇಂಗ್ಲಿಷ್ ಬಲ್ಲ ತರುಣ ತರುಣಿಯರು ಈ ಗ್ರಂಥವನ್ನು ಓದಲೆಂದು ನಾನು ಶಿಫಾರಸು ಮಾಡುತ್ತೇನೆ. ಮರಣಶಯ್ಯೆಯ ವರ್ಣನೆಗಾಗಿ, ನೆಲದ ಮೇಲಿನ ಪ್ರೀತಿಗಾಗಿ, ಎಲ್ಲಕ್ಕಿಂತ ಹೆಚ್ಚಾಗಿ ಹಿಂದಿನ ಗಾಡಿಯ ಆ ಔದಾರ್ಯಕ್ಕಾಗಿ ಓದಬೇಕು. ಓದಿ ಮುಗಿಸಿದ ಮೇಲೆ ಗ್ರಂಥಕರ್ತರು ಕೇಳದೆ ಬಿಟ್ಟ ಪ್ರಶ್ನೆಯನ್ನು ತಾವು ಕೇಳಿಕೊಳ್ಳಬೇಕು: ನಮ್ಮನ್ನು ತಮ್ಮವರೆಂದು ಸ್ವೀಕರಿಸಿದವರ ಯಾವ ವಸ್ತು ಇನ್ನೂ ನಮ್ಮ ಪೆಟ್ಟಿಗೆಯಲ್ಲಿ ಉಳಿದಿದೆ? ಅದನ್ನು ಯಾವ ಖಾತೆಯಲ್ಲಿ ಬರೆದಿಟ್ಟಿದ್ದೇವೆ?