ಗೀರು ಬಿದ್ದ ರೀಲಿನ ದೆವ್ವ

‘ಶ್!’ 1993ರಲ್ಲಿ ತೆರೆಕಂಡ ಕನ್ನಡದ ಭಯಾನಕ ಚಿತ್ರ. ‘ತರ್ಲೆ ನನ್ ಮಗ’ದ ನಂತರ ಉಪೇಂದ್ರ ನಿರ್ದೇಶಿಸಿದ ಎರಡನೆಯ ಸಿನಿಮಾ ಇದು. ಕುಮಾರ್ ಗೋವಿಂದ್ ನಾಯಕ; ಉಪೇಂದ್ರರ ಗುರು ಕಾಶೀನಾಥ್‌ಗೂ ಇದರಲ್ಲಿ ಪಾತ್ರವಿದೆ; ಸಾಧು ಕೋಕಿಲ ಸಂಗೀತ ನಿರ್ದೇಶಕರಾಗಿ ಕಾಲಿಟ್ಟದ್ದು ಇಲ್ಲಿಯೇ. ಚಿತ್ರೀಕರಣಕ್ಕೆ ಹೋದ ಸಿನಿಮಾ ತಂಡದ ನಡುವೆ ಕೊಲೆಯ ಭಯ, ದೆವ್ವದ ಮಾತು ಹಬ್ಬುತ್ತದೆ. ಕ್ಯಾಮೆರಾದ ಮುಂದೆ ನಡೆಯುವ ಸುಳ್ಳು ಸಾವು ಯಾವುದು, ಅದರ ಹಿಂದೆ ನಡೆಯುವ ನಿಜವಾದ ಸಾವು ಯಾವುದು ಎಂದು ನೋಡುವವನಿಗೆ ತಿಳಿಯದಂತಾಗುತ್ತದೆ. ನಗಿಸುವ ದೃಶ್ಯದ ಬೆನ್ನಿಗೇ ಹೆದರಿಸುವ ದೃಶ್ಯ ಬಂದು ಕೂರುತ್ತದೆ. ಮೂರು ದಶಕ ಕಳೆದರೂ ಈ ಚಿತ್ರವನ್ನು ಬಿಡದ ಒಂದು ಪ್ರೇಕ್ಷಕ ವರ್ಗವಿದೆ. ಉಪೇಂದ್ರರದೇ ಚಿತ್ರಗಳಾದ ‘ಎ’ 2024ರ ಮೇ ತಿಂಗಳಲ್ಲಿ, ‘ಉಪೇಂದ್ರ’ ಸೆಪ್ಟೆಂಬರ್‌ನಲ್ಲಿ ಮತ್ತೆ ಚಿತ್ರಮಂದಿರಕ್ಕೆ ಬಂದ ಮೇಲೆ ಆ ವರ್ಗದ ಆಸೆ ‘ಶ್!’ ಕಡೆಗೂ ತಿರುಗುವುದು ಸಹಜ. ಅವರಿಗೆ ಬೇಕಾದದ್ದು ತೊಳೆದ ಚಿತ್ರ, ತಿಳಿಯಾದ ಧ್ವನಿ, ದೊಡ್ಡ ಪರದೆ.

ಈ ಆಸೆಯ ಎದುರು ಒಂದು ತೀರ್ಪು ಬಹುಕಾಲದಿಂದ ನಿಂತಿದೆ. ಕನ್ನಡದಲ್ಲಿ ಭಯ, ರಹಸ್ಯ ಎಂದರೆ ನಿರ್ದೇಶಕ ಸುನಿಲ್ ಕುಮಾರ್ ದೇಸಾಯಿ; ಉಪೇಂದ್ರರದು ಗಿಮಿಕ್ಕು. ಮರುಬಿಡುಗಡೆಗೆ ಕಾಯುವವರದು ಬಾಲ್ಯದ ಹಂಬಲ, ಅದು ಕಲೆಯ ವಿವೇಚನೆ ಅಲ್ಲ. ಮೂಲದಲ್ಲೇ ಒಡಕಿರುವ ಚಿತ್ರಕ್ಕೆ ಹೊಸ ಪ್ರತಿ ತೆಗೆಯುವುದು ಸೋರುವ ಮಾಳಿಗೆಗೆ ಸುಣ್ಣ ಬಳಿದಂತೆ. ಹೀಗೆ ಹೇಳುವವರು ಎರಡು ಬೇರೆ ಸಂಗತಿಗಳನ್ನು ಒಂದೇ ಗಂಟಿಗೆ ಕಟ್ಟುತ್ತಾರೆ. ಚಿತ್ರದ ಮೈಮೇಲೆ ಬಿದ್ದ ಗೀರು ಒಂದು. ಚಿತ್ರದ ಸ್ವಭಾವದಲ್ಲೇ ಇರುವ ವಕ್ರತೆ ಇನ್ನೊಂದು. ಮೊದಲನೆಯದನ್ನು ಒರೆಸಬೇಕು. ಎರಡನೆಯದಕ್ಕಾಗಿಯೇ ಜನ ಕಾಯುತ್ತಿದ್ದಾರೆ.

ಪರಂಪರೆಯನ್ನು ಬೇಗನೆ ನೋಡಿಬಿಡಬಹುದು. ಕಾಶೀನಾಥ್ 1978ರಲ್ಲಿ ‘ಅಪರಿಚಿತ’ ಮಾಡಿದರು. ಮುಂದೆ ಅದನ್ನೇ ಹಿಂದಿಯಲ್ಲಿ ‘ಬೇಶಕ್’ ಎಂದು ನಿರ್ದೇಶಿಸಿದರು. 1979ರಲ್ಲಿ ಅನಂತನಾಗ್, ಲಕ್ಷ್ಮಿ ಅಭಿನಯದ ‘ನಾ ನಿನ್ನ ಬಿಡಲಾರೆ’ ಮನೆಮಂದಿಯನ್ನೆಲ್ಲ ಹೆದರಿಸಿತು. ಶಂಕರ್‌ನಾಗ್ ಅಭಿನಯದ ‘ತರ್ಕ’ 1989ರಲ್ಲಿ ಹಾಡುಗಳಿಲ್ಲದೆ ಬಂದು ದೇಸಾಯಿಯವರಿಗೆ ಹೆಸರು ತಂದಿತು, 1993ರಲ್ಲಿ ‘ನಿಷ್ಕರ್ಷ’ ಅದನ್ನು ಗಟ್ಟಿ ಮಾಡಿತು. 2004ರಲ್ಲಿ ಮಲಯಾಳದ ‘ಮಣಿಚಿತ್ರತ್ತಾಳ್’ ಕನ್ನಡದಲ್ಲಿ ‘ಆಪ್ತಮಿತ್ರ’ವಾಗಿ ವರ್ಷಗಟ್ಟಲೆ ಓಡಿತು. ಇವುಗಳಲ್ಲಿ ವಿಮರ್ಶೆ ಮನಸಾರೆ ಮೆಚ್ಚಿದ್ದು ‘ತರ್ಕ’ವನ್ನು ಮತ್ತು ‘ಆಪ್ತಮಿತ್ರ’ವನ್ನು. ಒಂದರಲ್ಲಿ ಬಿಗಿಯಿದೆ. ಇನ್ನೊಂದರಲ್ಲಿ ವಿಷ್ಣುವರ್ಧನ್ ಮನೋವೈದ್ಯರಾಗಿ ದೆವ್ವಕ್ಕೆ ಕಾಯಿಲೆಯ ಹೆಸರು ಕೊಡುತ್ತಾರೆ. ‘ಆಪ್ತಮಿತ್ರ’ದಲ್ಲೂ ದ್ವಾರಕೀಶರ ಹಾಸ್ಯ ಉದ್ದಕ್ಕೂ ಇದೆ, ಅದು ಯಾರ ಕಣ್ಣಿಗೂ ದೋಷವಾಗಿ ಕಾಣಲಿಲ್ಲ. ಅದೇ ಬೆರಕೆ ‘ಶ್!’ನಲ್ಲಿ ಕಂಡರೆ ಹದ ತಪ್ಪಿದ್ದು ಎನಿಸಿತು. ಹದದ ಅಳತೆಗೋಲು ಎಲ್ಲರಿಗೂ ಒಂದೇ ಇರಬೇಕಿತ್ತು.

ಈ ತೀರ್ಪು ಹುಟ್ಟಿದ್ದು ಮೊದಲ ವಾರದ ಹೊಸ ಪ್ರಿಂಟು ನೋಡಿದವರಿಂದ. ಯಾದಗಿರಿ, ಶಹಾಪುರ, ಸುರಪುರದ ಪ್ರೇಕ್ಷಕರು ಆ ಕಾಲದ ಸಿನಿಮಾ ನೋಡಿದ ಬಗೆ ಬೇರೆ. 2009ರ ಡಿಸೆಂಬರ್‌ವರೆಗೆ ಈ ಮೂರೂ ಊರು ಗುಲ್ಬರ್ಗ ಜಿಲ್ಲೆಯಲ್ಲಿದ್ದವು. ಚಿತ್ರವ್ಯಾಪಾರದ ಲೆಕ್ಕದಲ್ಲಿ ಈ ಭಾಗ ‘ಹೈದರಾಬಾದ್ ಕರ್ನಾಟಕ’ ಎಂಬ ಹಂಚಿಕೆ ಪ್ರದೇಶ. ಪ್ರದೇಶದ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಬದಲಾದರೂ ಸಿನಿಮಾ ಮಂದಿಯ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ರೀಲಿನ ಕಾಲದಲ್ಲಿ ಪ್ರಿಂಟುಗಳು ಎಣಿಸಿದಷ್ಟು. ಅವು ಮೊದಲು ದೊಡ್ಡ ಊರುಗಳಲ್ಲಿ ಓಡಿ, ಸವೆದು, ಆಮೇಲೆ ತಾಲ್ಲೂಕು ಕೇಂದ್ರಗಳಿಗೆ, ಕೊನೆಗೆ ಟೂರಿಂಗ್ ಟಾಕೀಸಿನ ಡೇರೆಗಳಿಗೆ ಬರುತ್ತಿದ್ದವು. ಚಿತ್ರಕ್ಕಿಂತ ಮೊದಲು ಅದರ ಕಥೆ ಊರು ಸೇರಿರುತ್ತಿತ್ತು. ಕೊಲೆಗಾರ ಯಾರೆಂಬುದೂ ಒಮ್ಮೊಮ್ಮೆ.

ಹಾಗೆ ಬಂದ ಪ್ರಿಂಟಿನಲ್ಲಿ ಏನಾಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಸಾವಿರ ಅಡಿಯ ಒಂದು ರೀಲು ಸುಮಾರು 11 ನಿಮಿಷ ಓಡುತ್ತದೆ. ಅಡಿಗೆ 16 ಚೌಕಟ್ಟು, ಸೆಕೆಂಡಿಗೆ 24. ಪ್ರತಿ ಆಟದಲ್ಲೂ ಫಿಲ್ಮು ಹಲ್ಲುಚಕ್ರಗಳ ಮೇಲೆ ಹಾದು, ಗೇಟಿನಲ್ಲಿ ಉಜ್ಜಿ, ಮತ್ತೆ ಸುತ್ತಿಕೊಳ್ಳುತ್ತದೆ. ನಡುವೆ ಸಿಕ್ಕಿಕೊಂಡ ಒಂದೇ ಧೂಳಿನ ಕಣ ಉದ್ದಕ್ಕೂ ಗೀರು ಎಳೆಯುತ್ತದೆ. ಪರದೆಯ ಮೇಲೆ ಅದು ಜಿಟಿಜಿಟಿ ಮಳೆ ಹಿಡಿದಂತೆ ಕಾಣುತ್ತದೆ. ಫಿಲ್ಮು ತುಂಡಾದಾಗ ಆಪರೇಟರ್ ಎರಡೂ ತುದಿ ಕತ್ತರಿಸಿ ಅಂಟಿಸುತ್ತಾನೆ. ನಾಲ್ಕಾರು ಚೌಕಟ್ಟು ಹೋಗುತ್ತವೆ. ಎರಡು ವರ್ಷ ಊರೂರು ತಿರುಗಿದ ಪ್ರಿಂಟಿನಲ್ಲಿ ರೀಲಿನ ಮೊದಲೂ ಕೊನೆಯೂ ಮೊಂಡಾಗಿರುತ್ತವೆ. ಧ್ವನಿಯದು ಇನ್ನೂ ಕಷ್ಟ. ಚಿತ್ರದ ಪಕ್ಕದಲ್ಲೇ ಸಣ್ಣ ಪಟ್ಟಿಯಾಗಿ ಅಚ್ಚಾದ ಧ್ವನಿಯನ್ನು ಬೆಳಕು ಹಾಯಿಸಿ ಓದಿಸಬೇಕು. ಅದರ ಮೇಲಿನ ಪ್ರತಿ ಕಲೆಯೂ ಚಟಪಟ ಎಂದು ಕೇಳುತ್ತದೆ.

ಹೊಡೆದಾಟದ ಚಿತ್ರ ಇದನ್ನು ತಡೆದುಕೊಳ್ಳುತ್ತದೆ. ಹಾಡಿನ ಚಿತ್ರವೂ ಹೇಗೋ ದಾಟುತ್ತದೆ. ಭಯದ ಚಿತ್ರ ಮಾತ್ರ ತಾಳಲಾರದು, ಏಕೆಂದರೆ ಅದರ ಮುಖ್ಯ ವಾದ್ಯ ಮೌನ. ಬಾಗಿಲು ಕಿರುಗುಟ್ಟುವ ಮೊದಲಿನ ಎರಡು ಕ್ಷಣ ಏನೂ ಕೇಳಬಾರದು. ಆ ಎರಡು ಕ್ಷಣದಲ್ಲಿ ಪ್ರಿಂಟು ಎಣ್ಣೆಗೆ ಸಾಸಿವೆ ಬಿದ್ದಂತೆ ಸಿಡಿಯುತ್ತಿದ್ದರೆ ದೆವ್ವ ಬರುವ ಮೊದಲೇ ಹೊರಟುಹೋಗಿರುತ್ತದೆ. ಹೆಸರಿನಲ್ಲೇ ಸದ್ದು ಬೇಡವೆಂದು ಕೇಳಿಕೊಳ್ಳುವ ಚಿತ್ರಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಆಮೇಲೆ ಅದು ಸವೆದ ಕ್ಯಾಸೆಟ್ಟಿನಲ್ಲಿ, ಜಾಹೀರಾತಿನ ನಡುವೆ ಟಿವಿಯಲ್ಲಿ, ಕೊನೆಗೆ ಅಂಗೈಯಗಲದ ಫೋನಿನಲ್ಲಿ ಉಳಿಯಿತು. ಕತ್ತಲ ದೃಶ್ಯಗಳು ಬೂದುಬೂದಾಗಿ ಯಾರ ನೆರಳು ಎಲ್ಲಿದೆ ಎಂಬುದೇ ತಿಳಿಯದಾಯಿತು. ಆದ್ದರಿಂದ ಉತ್ತಮಗೊಂಡ ಪ್ರತಿಗಾಗಿ ಕಾಯುವ ಯಾದಗಿರಿ ಕಡೆಯ ಅಭಿಮಾನಿಗೆ ಅದು ಮರುಬಿಡುಗಡೆಯೇ ಅಲ್ಲ. ಬೆಂಗಳೂರಿನವರು 1993ರಲ್ಲಿ ನೋಡಿದ ಚಿತ್ರದ ಮೊದಲ ಬಿಡುಗಡೆ. ಅವನ ಕಾತರವನ್ನು ಬಾಲ್ಯದ ಹಂಬಲ ಎಂದು ತಳ್ಳಿಹಾಕುವವರು ಆ ಬಾಲ್ಯದಲ್ಲಿ ಅವನಿಗೆ ಸಿಕ್ಕದ್ದು ಎಷ್ಟು ಎಂದು ಕೇಳಿಲ್ಲ.

ಇನ್ನು ವಕ್ರತೆಯ ಮಾತು. ನಗು ಮತ್ತು ಭಯ ಒಂದೇ ಉಸಿರಿನಲ್ಲಿ ಬರಬಾರದು ಎಂಬ ನಿಯಮ ಈ ನೆಲದ್ದಲ್ಲ. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ರಕ್ಕಸನ ಪ್ರವೇಶ ಹೇಗಾಗುತ್ತದೆಂದು ನೋಡಬೇಕು. ಪರದೆಯ ಹಿಂದಿನಿಂದ ಅಬ್ಬರ ಕೇಳುತ್ತದೆ. ಭುಜಕೀರ್ತಿ, ಎದೆಹಾರ, ಕಿರೀಟದ ತೂಕ ಹೊತ್ತು, ಹಲಗೆಯ ಅಟ್ಟ ನಡುಗುವಂತೆ ಹೆಜ್ಜೆ ಹಾಕುತ್ತ ಅವನು ಮುಂದೆ ಬರುತ್ತಾನೆ. ಮುಂದಿನ ಸಾಲಿನ ಮಕ್ಕಳು ತಾಯಿಯ ಸೆರಗಿಗೆ ಮುಖ ಹುದುಗಿಸುತ್ತಾರೆ. ಅದೇ ಹೊತ್ತಿಗೆ ಸಾರಥಿ ಅವನೆದುರು ನಿಂತು, ನೀನು ಯಾರು, ಯಾವ ಊರಿನವನು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಮೂರು ಲೋಕ ಗೆದ್ದವನನ್ನು ಸಂತೆಗೆ ಬಂದವನಂತೆ ಮಾತಾಡಿಸುತ್ತಾನೆ. ಜನ ನಗುತ್ತಾರೆ. ನಗುತ್ತಿರುವಾಗಲೇ ರಕ್ಕಸ ಮತ್ತೆ ಗರ್ಜಿಸುತ್ತಾನೆ, ಸೆರಗಿನೊಳಗಿನ ಮುಖ ಇನ್ನೂ ಒಳಗೆ ಸರಿಯುತ್ತದೆ. ನಗು ಭಯವನ್ನು ಕೆಡಿಸಲಿಲ್ಲ. ಕಾವಲು ಇಳಿಸಿ ಅದಕ್ಕೆ ದಾರಿ ಮಾಡಿಕೊಟ್ಟಿತು. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಮೈಗೆ ಮಸಿ ಬಳಿದುಕೊಂಡೋ ಹುಲಿಯ ಪಟ್ಟೆ ಬರೆಸಿಕೊಂಡೋ ಕುಣಿಯುವ ವೇಷದವರನ್ನು ನೋಡಿ ಬೆಳೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಆ ವೇಷ ನಗಿಸುತ್ತದೆ, ಹೆದರಿಸುತ್ತದೆ, ಹಿಂದೆಯೇ ಶೋಕದ ರಿವಾಯತ್ ಪದ ಕೇಳುತ್ತಿರುತ್ತದೆ.

ಉಪೇಂದ್ರರಿಗೆ ದೊಡ್ಡಾಟದ ಋಣವಿದೆ ಎಂದು ಇದರ ಅರ್ಥವಲ್ಲ. ಅವರ ಗರಡಿ ಕಾಶೀನಾಥರದು. ಆದರೆ ‘ಶ್!’ ನೋಡಲು ಬೇಕಾದ ಮನಸ್ಸು ಈ ಊರುಗಳಲ್ಲಿ ಮೊದಲೇ ಸಿದ್ಧವಾಗಿತ್ತು. ಒಂದು ಚಿತ್ರದಲ್ಲಿ ಒಂದೇ ರಸ ಕೊನೆಯವರೆಗೂ ಬಿಗಿಯಾಗಿರಬೇಕೆಂಬ ಆಗ್ರಹ ವಿಮರ್ಶೆ ಹೊರಗಿನಿಂದ ತಂದುಕೊಂಡದ್ದು. ಆ ಆಗ್ರಹಕ್ಕೆ ಒಗ್ಗುವ ‘ತರ್ಕ’ ಒಳ್ಳೆಯ ಚಿತ್ರವೇ. ಆದರೂ ಅದನ್ನು ಒಮ್ಮೆ ನೋಡಿ ಮೆಚ್ಚಿ ಎದ್ದುಬರಬಹುದು. ಗುಟ್ಟು ಬಿಚ್ಚಿಕೊಂಡ ಮೇಲೆ ಅಲ್ಲಿ ಮಾಡುವ ಕೆಲಸ ಹೆಚ್ಚಿಲ್ಲ. ‘ಶ್!’ ಗುಟ್ಟು ತಿಳಿದವನನ್ನೂ ಮತ್ತೆ ಕರೆಯುತ್ತದೆ, ಏಕೆಂದರೆ ಅದರ ಸುಖ ಉತ್ತರದಲ್ಲಿಲ್ಲ, ಅಡ್ಡದಾರಿಗಳಲ್ಲಿದೆ.

ಅಡ್ಡದಾರಿಯ ಸುಖಕ್ಕೆ ಜಗತ್ತಿನಲ್ಲಿ ಇನ್ನೊಂದು ಸಾಕ್ಷಿಯಿದೆ. ಹಿದೆತಾಕಾ ಸುಎಹಿರೊ ಎಂಬ ಜಪಾನಿ ನಿರ್ದೇಶಕರ ‘ಡೆಡ್ಲಿ ಪ್ರಿಮೊನಿಷನ್’ ಎಂಬ ಭಯಾನಕ ವಿಡಿಯೊ ಗೇಮ್ 2010ರಲ್ಲಿ ಬಂತು. ಅಮೆರಿಕದ ಗ್ರೀನ್‌ವೇಲ್ ಎಂಬ ಕಲ್ಪಿತ ಊರು, ಅಲ್ಲೊಂದು ಕೊಲೆ, ತನಿಖೆಗೆ ಬಂದ ಯಾರ್ಕ್ ಎಂಬ ಅಧಿಕಾರಿ. ಅವನು ಎದುರಿಗಿಲ್ಲದ ಝ್ಯಾಕ್ ಎಂಬವನೊಡನೆ ಸದಾ ಮಾತಾಡುತ್ತಾನೆ, ಕಾರು ಓಡಿಸುತ್ತ ಹಳೆಯ ಸಿನಿಮಾಗಳ ಹರಟೆ ಹೊಡೆಯುತ್ತಾನೆ, ಕಾಫಿಯ ಮೇಲೆ ತೇಲುವ ಹಾಲಿನಲ್ಲಿ ಅಕ್ಷರ ಕಂಡು ಸುಳಿವು ಹಿಡಿಯುತ್ತಾನೆ. ಹೆಣದ ಪ್ರಸಂಗದ ಬೆನ್ನಿಗೇ ಸಿಳ್ಳೆಯ ಲಘು ರಾಗ ಬರುತ್ತದೆ. ನಿಯಂತ್ರಣ ಒರಟು, ಚಿತ್ರಗಳು ಆ ಕಾಲಕ್ಕೇ ಹಳೆಯವು. ಹೆಸರಾಂತ ವಿಮರ್ಶೆಯೊಂದು ಇದಕ್ಕೆ 10ಕ್ಕೆ 2 ಅಂಕ ಕೊಟ್ಟಿತು. ಇನ್ನೊಂದು 10ಕ್ಕೆ 10. ವಿಮರ್ಶಕರನ್ನು ಅತಿ ಹೆಚ್ಚು ಇಬ್ಭಾಗ ಮಾಡಿದ ಭಯಾನಕ ಗೇಮ್ ಎಂದು ಗಿನ್ನೆಸ್ ದಾಖಲೆಯಲ್ಲೂ ಅದು ಸೇರಿತು.   

‘ಡೆಡ್ಲಿ ಪ್ರಿಮೊನಿಷನ್’ ಅಭಿಮಾನಿಗಳು ಮೂರು ವರ್ಷ ಉತ್ತಮ ಆವೃತ್ತಿಗಾಗಿ ಕಾದರು. 2013ರಲ್ಲಿ ‘ಡೈರೆಕ್ಟರ್ಸ್ ಕಟ್’ ಬಂತು. ನಿಯಂತ್ರಣ ಹಗುರವಾಗಿತ್ತು, ಚಿತ್ರ ಚೂಪಾಗಿತ್ತು, ಕಥೆಗೆ ಒಂದಿಷ್ಟು ಹೊಸ ದೃಶ್ಯಗಳ ಚೌಕಟ್ಟು ಸೇರಿತ್ತು. ಆದರೆ ಓಟ ಮುಗ್ಗರಿಸುತ್ತಿತ್ತು. ಅದೇ ವರ್ಷ ಕಂಪ್ಯೂಟರಿಗೆ ಬಂದ ಆವೃತ್ತಿಯ ಚಿತ್ರದಳತೆ 720 ಸಾಲುಗಳಿಗೆ ಕಟ್ಟಿಹಾಕಿದಂತಿತ್ತು; ಅದನ್ನು ಬಿಡಿಸಿ ಸರಿಪಡಿಸಿದವನು ಒಬ್ಬ ಅಭಿಮಾನಿ. 2019ರಲ್ಲಿ ಮತ್ತೊಮ್ಮೆ ಬಿಡುಗಡೆಯಾದಾಗ ಆಧಾರವಾಗಿ ಆರಿಸಿಕೊಂಡದ್ದು 2010ರ ಮೂಲವನ್ನೇ. ಅಭಿಮಾನಿಗಳು ಬಯಸಿದ್ದು ಯಾರ್ಕನ ಹರಟೆ ಕಡಿಮೆಯಾಗಲಿ ಎಂದಲ್ಲ, ಆ ಹರಟೆ ಕೇಳಿಸುವಾಗ ಕಾರು ಸರಿಯಾಗಿ ತಿರುಗಲಿ ಎಂದು. ದೋಷಕ್ಕೂ ಸ್ವಭಾವಕ್ಕೂ ಇರುವ ವ್ಯತ್ಯಾಸ ಅಂಕ ಹಾಕಿದವರಿಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

ಉಪೇಂದ್ರರ ವಿಷಯದಲ್ಲೂ ಪ್ರೇಕ್ಷಕ ವಿಮರ್ಶೆಗಿಂತ ಮುಂದಿದ್ದ. ಕಾಲವನ್ನು ಹಿಂದೆಮುಂದೆ ಮಾಡಿ ಹೇಳಿದ ‘ಎ’ 1998ರಲ್ಲಿ ಬಂದಾಗ ಅರ್ಥವಾಗುವುದಿಲ್ಲ ಎಂಬ ಆಕ್ಷೇಪ ಎದ್ದಿತು. ಹಳ್ಳಿಯ ಪ್ರೇಕ್ಷಕರು ಎರಡು ಸಲ, ಮೂರು ಸಲ ಟಿಕೆಟ್ ಕೊಂಡು ಅರ್ಥ ಮಾಡಿಕೊಂಡರು. ಮರುವರ್ಷದ ‘ಉಪೇಂದ್ರ’ದಲ್ಲಿ ನಾಯಕನ ಹೆಸರೇ ‘ನಾನು’. ಅದನ್ನೂ ಅವರು ತಮ್ಮ ಮಾತಿಗೆ ಇಳಿಸಿಕೊಂಡರು. ರೂಪದ ಪ್ರಯೋಗವನ್ನು ಟೆಂಟಿನ ಪ್ರೇಕ್ಷಕನ ಮುಂದೆ ಇಷ್ಟು ಧೈರ್ಯವಾಗಿ ಇಟ್ಟ ಇನ್ನೊಬ್ಬ ನಿರ್ದೇಶಕ ಆ ದಶಕದ ಕನ್ನಡದಲ್ಲಿಲ್ಲ. ಹೊಸ ಅಲೆಯ ಚಿತ್ರಗಳು ಅದೇ ಪ್ರಯೋಗವನ್ನು ಮಾಡಿದ್ದರೆ ಗ್ರಂಥಗಳು ಹುಟ್ಟುತ್ತಿದ್ದವು. ಇಲ್ಲಿ ಶಿಳ್ಳೆ ಕೇಳಿದ್ದರಿಂದ ಅದು ಗಿಮಿಕ್ಕಾಯಿತು. ಶಿಳ್ಳೆ ಹೊಡೆಯುವವನಿಗೆ ವಿವೇಚನೆ ಇರುವುದಿಲ್ಲ ಎಂಬ ನಂಬಿಕೆ ಕನ್ನಡ ವಿಮರ್ಶೆಯ ಅತಿ ಹಳೆಯ ಗೀರು. ಯಾವ ಯಂತ್ರವೂ ಅದನ್ನು ಒರೆಸಲಾರದು.

‘ಶ್!’ ಹೊಸ ರೂಪದಲ್ಲಿ ಬರುವುದಾದರೆ ಮೊದಲು ಆಗಬೇಕಾದದ್ದು ಧ್ವನಿಯ ಕೆಲಸ. ಸಿಡಿಮಿಡಿಯನ್ನು ತೆಗೆಯಬೇಕು, ತೆಗೆಯುವ ಭರದಲ್ಲಿ ಉಸಿರಾಟ, ಹೆಜ್ಜೆಯ ಸಪ್ಪಳ ಅಳಿಸಿಹೋಗಬಾರದು. ಕತ್ತಲನ್ನು ಕತ್ತಲಾಗಿಯೇ ಬಿಡಬೇಕು. ಎಲ್ಲವೂ ಕಾಣಲೆಂದು ಬೆಳಗಿಸಿದರೆ ನೆರಳು ಸಾಯುತ್ತದೆ. ಸಾಧು ಕೋಕಿಲರ ಮೊದಲ ಸಂಗೀತದ ಮೇಲೆ ಇಂದಿನ ಅಬ್ಬರವನ್ನು ಹೇರಬಾರದು. ಎಳೆದಂತೆ ಕಂಡ ಹಾಸ್ಯದ ಒಂದು ದೃಶ್ಯವನ್ನೂ ಕತ್ತರಿಸಬಾರದು, ಪಕ್ಕದ ಭಯ ನಿಂತಿರುವುದು ಅದರ ಆಸರೆಯಲ್ಲೇ. ಈಗ ರೀಲು ಹೊತ್ತು ತಿರುಗುವ ಕೆಲಸವಿಲ್ಲ. ಡಿಜಿಟಲ್ ಪ್ರತಿಗೆ ಬೆಂಗಳೂರೂ ಸುರಪುರವೂ ಒಂದೇ ದೂರ. ಹಕ್ಕು ಉಳ್ಳವರು ಇಷ್ಟನ್ನು ನಡೆಸಿಕೊಡಲಿ: ಬೆಂಗಳೂರಿನಲ್ಲಿ ಮೊದಲ ಆಟ ಆಗುವ ದಿನವೇ ಯಾದಗಿರಿ, ಶಹಾಪುರ, ಸುರಪುರದಲ್ಲೂ ಮೊದಲ ಆಟ ಆಗಲಿ.