ಬಿಳಿ ಕಲ್ಲು, ಕರಿ ಕಡ್ಡಿ, ಒಂದು ತೊಟ್ಟು ಅಂಟು

ನಮ್ಮ ಆಫೀಸಿನ ಗೆಳೆಯನೊಬ್ಬನ ಮೇಜಿನ ಮೇಲೆ ಅಂಗೈಯಗಲದ ಕಲ್ಲೊಂದಿದೆ. ನಮೀಬಿಯಾದ ಎರೊಂಗೊ ಬೆಟ್ಟದ್ದು. ತಳದಲ್ಲಿ ಬಿಳಿ ಫೆಲ್ಡ್‌ಸ್ಪಾರ್, ಪಕ್ಕದಲ್ಲಿ ಹೊಗೆಬಣ್ಣದ ಕ್ವಾರ್ಟ್ಜ್, ನಡುವೆ ನೆಟ್ಟಗೆ ನಿಂತ ಕರಿ ಟೂರ್ಮಲೀನ್. ಕ್ವಾರ್ಟ್ಜ್ ಅಂದ್ರೆ ಬೇರೇನಲ್ಲ, ಊರಲ್ಲಿ ಕತ್ತಲೆ ಕೋಣೆಗೆ ಒಯ್ದು ಒಂದಕ್ಕೊಂದು ಉಜ್ಜಿ ಬೆಳಕು ನೋಡ್ತಿದ್ವಲ್ಲ, ಅದೇ ಬೆಣಚುಕಲ್ಲು. ಇದನ್ನ ದುಡ್ಡು ಕೊಟ್ಟು ಕೊಳ್ಳೋರಿದಾರೆ ಅಂತ ಆಗ ಯಾರಾದ್ರೂ ಹೇಳಿದ್ರೆ ನಗ್ತಿದ್ದೆ.

ಈಗ ನಗಲ್ಲ. ಕಲ್ಲು ನಿಜಕ್ಕೂ ಚೆನ್ನಾಗಿದೆ. ಫೆಲ್ಡ್‌ಸ್ಪಾರ್ ಇಟ್ಟಿಗೆಯ ಹಾಗೆ ದಪ್ಪ, ಮಂಕು. ಕ್ವಾರ್ಟ್ಜ್ ಆರು ಮುಖದ್ದು, ಗಾಜಿನ ಹೊಳಪು. ಟೂರ್ಮಲೀನಿನ ಮೈಮೇಲೆ ಉದ್ದಕ್ಕೂ ಗೀರುಗಳು. ಸುಮಾರು 13 ಕೋಟಿ ವರ್ಷಗಳ ಹಿಂದೆ ಅಲ್ಲಿನ ಗ್ರಾನೈಟ್ ತಣಿಯುವಾಗ ಕೊನೆಗುಳಿದ ಬಿಸಿ ದ್ರವ ಒಳಗಿನ ಪೊಳ್ಳುಗಳಲ್ಲಿ ಸೇರಿತು. ಅದರಲ್ಲಿದ್ದ ಬೋರಾನ್‌ನಿಂದ ಟೂರ್ಮಲೀನ್ ಬೆಳೆಯಿತು. ಬೆಳೆಯೋಕೆ ಜಾಗವಿತ್ತು, ಹಾಗಾಗಿ ಮೂರಕ್ಕೂ ತಮ್ಮ ತಮ್ಮ ಆಕಾರ ದಕ್ಕಿತು. ಜಾಗವಿಲ್ಲದ ಕಡೆ ಇದೇ ಫೆಲ್ಡ್‌ಸ್ಪಾರ್, ಇದೇ ಕ್ವಾರ್ಟ್ಜ್ ಅಡುಗೆಮನೆ ಕಟ್ಟೆಯ ಗ್ರಾನೈಟಿನಲ್ಲಿ ಬರೀ ಚುಕ್ಕೆಗಳು.

ನನ್ನ ತಕರಾರು ಇರೋದು ಕಲ್ಲಿನ ಮೇಲಲ್ಲ. ಯುವಿ ಟಾರ್ಚ್ ಹಿಡಿದಾಗ ಟೂರ್ಮಲೀನಿನ ಬುಡದಲ್ಲಿ ದಾರದಂಥ ಗೆರೆಯೊಂದು ನೀಲಿಯಾಗಿ ಹೊಳೀತು. ಅಂಟು! ಸಂಗ್ರಾಹಕರು ಇದರಲ್ಲಿ ಎರಡು ಬಗೆ ಮಾಡ್ತಾರೆ. ಅಗೆಯುವಾಗ ಮುರಿದ ಹರಳನ್ನು ಅದರದ್ದೇ ಜಾಗದಲ್ಲಿ ಕೂರಿಸಿದರೆ ರಿಪೇರಿ. ಎಲ್ಲಿಯದೋ ಹರಳು ತಂದು ನೆಟ್ಟರೆ ಮೋಸ. ಗುರುತಿಸೋದು ಹೇಗೆ? ಜೊತೆಗೇ ಬೆಳೆದ ಹರಳಾದರೆ ಅದರ ಗೀರುಗಳು ಸುತ್ತಲಿನ ಫೆಲ್ಡ್‌ಸ್ಪಾರ್ ಮೇಲೂ ಅಚ್ಚೊತ್ತಿರುತ್ತವೆ. ಲೆನ್ಸ್ ಹಿಡಿದು ನೋಡಿದೆವು. ಅಚ್ಚಿಗೂ ಗೀರಿಗೂ ಸರಿಯಾಗಿ ಹೊಂದಿಕೆಯಾಯ್ತು. ಅಲ್ಲಿಗೆ ಇದು ರಿಪೇರಿ.

ಎರೊಂಗೊದಲ್ಲಿ ಸುತ್ತಿಗೆ, ಉಳಿ ಹಿಡಿದು ಬಂಡೆ ಒಡೆದು ಹರಳು ತೆಗೆಯುವ ಬಡ ಕೆಲಸಗಾರರಿದ್ದಾರೆ. ಅಂಥಾ ಕಡೆ ಹರಳು ಮುರಿಯೋದು ಅವಮಾನವೇನಲ್ಲ, ಮುರಿದಿದ್ದನ್ನ ಮುಚ್ಚಿಡೋದು ಅವಮಾನ. ಮಾರಿದವನು ಕೊಟ್ಟ ಚೀಟಿಯಲ್ಲಿ ‘ನೆಗೆಟಿವ್ ಎನರ್ಜಿ ತಡೆಯುತ್ತದೆ’ ಅನ್ನೋಕೆ ಎರಡು ಸಾಲು ಜಾಗವಿದೆ, ಅಂಟಿನ ಬಗ್ಗೆ ಒಂದಕ್ಷರ ಇಲ್ಲ. ಬೆಲೆ ಮಾತ್ರ ಮುರಿಯದ ಕಲ್ಲಿನದ್ದು. ಕಲ್ಲಿಗೆ ಪೂರ್ತಿ ಅಂಕ ಕೊಡ್ತೀನಿ, ಚೀಟಿಗೆ ಸೊನ್ನೆ.

ಗೆಳೆಯ ಕಲ್ಲನ್ನ ವಾಪಸ್ ಮಾಡಲಿಲ್ಲ. ಚೀಟಿಯ ಹಿಂದೆ ಪೆನ್ನಲ್ಲಿ ಬರೆದಿಟ್ಟ: ‘ಮುರಿದಿತ್ತು, ಅಂಟಿಸಲಾಗಿದೆ.’ ಮುಂದೆ ಯಾರ ಕೈಗೆ ಹೋದ್ರೂ ಗೊತ್ತಿರಲಿ ಅಂತ.